ಹಸಿರು ದೀಪ ಹತ್ತುವ ತನಕ

ಊರಿಗೆ ಊರೇ ಮುಳುಗಿದರೂ ತಮ್ಮ ಕಂಪನಿ ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು ಎಂದು ಬಯಸುವವರು ಭೂಮಿಯ ಮೇಲೆ ಹೆಚ್ಚಾದಾಗ, ಆ ಬಯಕೆಯನ್ನು ಭೂಮಿಯ ಕೆಳಗೆ ಕಾಪಾಡಿಕೊಡುವ ಕಂಪನಿಯೂ ಒಂದು ಹುಟ್ಟಿಕೊಂಡಿತು. ಅದರ ಹೆಸರು 'ಅವಿರತ'. ಚಿತ್ರದುರ್ಗದ ಆಚೆ, ಅದಿರು ಮುಗಿದು ಎಷ್ಟೋ ವರ್ಷಗಳ ಹಿಂದೆ ಬಾಗಿಲು ಹಾಕಿದ್ದ ಗಣಿಯೊಂದನ್ನು ಅದು ಹಿಡಿಯಿತು. ನೀರು ಬಸಿದು, ಗೋಡೆಗೆ ಸುಣ್ಣ ಬಳಿದು, ತಂತಿ ಎಳೆದು, ಬಂಡೆಯ ಹೊಟ್ಟೆಯೊಳಗೆ ಒಂದು ಕೋಣೆ ಮಾಡಿತು. ಮೇಲೆ ಬೆಂಕಿ ಬೀಳಲಿ, ನೆರೆ ಬರಲಿ, ಗಲಭೆಯಾಗಲಿ, ಯಾವುದೇ ಕಾರ್ಖಾನೆಯ ಕಂಟ್ರೋಲ್ ರೂಮು ಸತ್ತರೆ ಸತ್ತ ಕ್ಷಣವೇ ಅದರ ಲಗಾಮು ಈ ಕೋಣೆಯ ಕೈಗೆ ಬರುತ್ತಿತ್ತು. ಮೇಲಿನವರು ಇದ್ದರೂ ಇಲ್ಲದಿದ್ದರೂ ಕೆಲಸ ನಡೆಯುತ್ತಿತ್ತು. ಅದಕ್ಕೇ ಆ ಹೆಸರು.

ಆ ಕೋಣೆಯಲ್ಲಿ ಪಾಳಿಗೆ ಇಬ್ಬರು. ಒಬ್ಬಳು ವನಮಾಲಾ, ದಾವಣಗೆರೆಯವಳು, ಗಂಡನನ್ನು ಕಳೆದುಕೊಂಡು ನಾಲ್ಕು ವರ್ಷವಾಗಿತ್ತು. ಇನ್ನೊಬ್ಬ ಅನ್ವರ್, ಅವಳಿಗಿಂತ ಚಿಕ್ಕವನು, ಅವಳನ್ನು ಮಾಲಕ್ಕ ಎಂದು ಕರೆಯುತ್ತಿದ್ದ ಎಂಜಿನಿಯರು. ಇಬ್ಬರ ಪಾಲಿಗೆ ಬಂದದ್ದು ದಾವಣಗೆರೆಯ ಅಂಚಿನ ದೊಡ್ಡದೊಂದು ಶೈತ್ಯಾಗಾರ. ಜಿಲ್ಲೆಯ ಲಸಿಕೆ, ಇನ್ಸುಲಿನ್, ರಕ್ತ ಎಲ್ಲವೂ ಅಲ್ಲೇ ತಣ್ಣಗಿರುತ್ತಿದ್ದವು. ತಣ್ಣಗಿಡುವ ಕೆಲಸ ಅಮೋನಿಯಾ ಅನಿಲದ್ದು. ಕೊಳವೆಯೊಳಗೆ ಇರುವ ತನಕ ಅದು ಬಲು ಸಾಧು. ಕೊಳವೆ ಬಿರುಕು ಬಿಟ್ಟು ಹೊರಗೆ ಬಂತೋ, ಕಣ್ಣು ಸುಡುತ್ತದೆ, ಗಂಟಲು ಬಿಗಿಯುತ್ತದೆ, ಹೆಚ್ಚಾದರೆ ಜೀವ ತೆಗೆಯುತ್ತದೆ. ವನಮಾಲಾಳ ಮನೆ ಆ ಶೈತ್ಯಾಗಾರದ ಹಿಂಗೋಡೆಗೆ ಅಂಟಿಕೊಂಡಂತಿತ್ತು. ಮನೆ ಮೊದಲು ಬಂದದ್ದು, ಶೈತ್ಯಾಗಾರ ಆಮೇಲೆ.

ಅವಿರತದ ಹೆಗ್ಗಳಿಕೆಯೆಂದರೆ ಅದರ ಯಂತ್ರ. ಅದನ್ನು 'ಕಾವಲು' ಎಂದು ಕರೆಯುತ್ತಿದ್ದರು. ಇಂಥ ಕಂಪನಿಗಳೆಲ್ಲ ಆಗಾಗ ತಾಲೀಮು ನಡೆಸುತ್ತವೆ. ಅನಾಹುತ ಆಗಿಬಿಟ್ಟಿದೆ ಎಂದುಕೊಂಡು ಮಾಡಬೇಕಾದದ್ದನ್ನೆಲ್ಲ ಮಾಡಿ ನೋಡುತ್ತವೆ. ಆದರೆ ಇದು ತಾಲೀಮು ಎಂದು ಗೊತ್ತಿದ್ದವನು ಹೆದರುವುದಿಲ್ಲ, ಹೆದರಿಕೆಯಲ್ಲಿ ಅವನು ಏನು ಮಾಡುತ್ತಾನೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಕಾವಲು ಯಾರಿಗೂ ಹೇಳದೆ ತನಗೆ ತೋಚಿದ ದಿನ ತಾಲೀಮು ಶುರುಮಾಡುತ್ತಿತ್ತು. ಪರದೆಯ ಮೇಲೆ ಸುಳ್ಳು ಅಂಕಿಗಳನ್ನು ಹರಿಸುತ್ತಿತ್ತು. ಕೆಳಗಿನವರು ಗುಂಡಿ ಒತ್ತಿದರೆ ಆ ಆಜ್ಞೆ ನಿಜವಾದ ಕಾರ್ಖಾನೆಗೆ ಮುಟ್ಟದಂತೆ ನಡುದಾರಿಯಲ್ಲೇ ಹಿಡಿದುಕೊಳ್ಳುತ್ತಿತ್ತು. ಇದು ತಾಲೀಮೋ ನಿಜವೋ ಎಂದು ಕೆಳಗಿನವರು ಕೇಳಬಾರದು. ಕೇಳಿದರೂ ಮೇಲಿನಿಂದ ಬರುವ ಉತ್ತರ ಒಂದೇ: 'ಯೋಜನೆ ಪ್ರಕಾರ ಮಾಡಿ.' ಎಲ್ಲ ಮುಗಿದ ಮೇಲೆ ಗೋಡೆಯ ಮೇಲಿನ ಹಸಿರು ದೀಪ ಹತ್ತುತ್ತಿತ್ತು. ಇದು ತಾಲೀಮಾಗಿತ್ತು ಎಂದು ಕಾವಲು ತಣ್ಣನೆಯ ದನಿಯಲ್ಲಿ ಹೇಳುತ್ತಿತ್ತು. ಅಲ್ಲಿಯ ತನಕ ಪ್ರತಿಯೊಂದನ್ನೂ ನಿಜ ಎಂದೇ ನಡೆಸಬೇಕು.

ಇಷ್ಟೇ ಆಗಿದ್ದರೆ ವನಮಾಲಾ ಸಹಿಸಿಕೊಳ್ಳುತ್ತಿದ್ದಳು. ಆದರೆ ಅನಾಹುತದ ದಿನ ಮನುಷ್ಯ ಕುರ್ಚಿ ಬಿಟ್ಟು ಏಳುವುದು ಮನೆಯ ನೆನಪಿಗೆ ಎಂದು ಕಂಪನಿ ಕಂಡುಕೊಂಡಿತ್ತು. ಆದ್ದರಿಂದ ನೌಕರರ ಮನೆಮನೆಗೂ ಒಂದು ಗೋಡೆ ಫೋನು ಕೊಟ್ಟಿತು. ಅದರ ಕೆಂಪು ಗುಂಡಿ ಒತ್ತಿದರೆ ಕರೆ ನೇರ ಗಣಿಯೊಳಕ್ಕೆ. ಕೊಟ್ಟದ್ದು ಉಪಕಾರಕ್ಕೆ ಎಂದು ಎಲ್ಲರೂ ಹೊಗಳಿದರು. ಆ ಫೋನಿನಲ್ಲಿ ಆಡಿದ ಮಾತೆಲ್ಲವನ್ನೂ ಕಾವಲು ಕೇಳಿಸಿಕೊಳ್ಳುತ್ತಿತ್ತು. ಯಾರದೇ ದನಿ ಒಂದಿಷ್ಟು ಕಿವಿಗೆ ಬಿದ್ದರೆ ಸಾಕು, ಅದೇ ದನಿಯಲ್ಲಿ ಬೇಕಾದ್ದನ್ನು ಆಡಬಲ್ಲದು. ತಾಲೀಮಿನ ನಡುವೆ ಮನೆಯವರ ದನಿಯಲ್ಲಿ ಕರೆ ಬರುತ್ತಿತ್ತು, ಅಳುತ್ತಿತ್ತು, ಬೇಡುತ್ತಿತ್ತು. ಅದಕ್ಕೆ ಕರಗದವನೇ ಗಟ್ಟಿಗ.

ಹಿಂದಿನ ವರ್ಷದ ತಾಲೀಮಿನಲ್ಲಿ ವನಮಾಲಾ ಕರಗಿದ್ದಳು. ಒಂಬತ್ತು ವರ್ಷದ ಮಗಳು ಇಂಪನಾಳ ದನಿ, ಅದೇ ತೊದಲು, ಅದೇ ಬಿಕ್ಕು: 'ಅಮ್ಮಾ, ಕಣ್ಣು ಉರೀತಾ ಐತಿ, ಬಾ ಅಮ್ಮಾ.' ಅವಳು ಶೈತ್ಯಾಗಾರ ನಿಲ್ಲಿಸುವ ಗುಂಡಿಯನ್ನು ಗುದ್ದಿದಳು. ಹಸಿರು ದೀಪ ಹತ್ತಿತು. ಆಮೇಲೆ ನಡೆದ ಸಭೆಯಲ್ಲಿ ಮೇಲಧಿಕಾರಿ ಜಯತೀರ್ಥ ಎಲ್ಲರೆದುರು ಕನ್ನಡಕ ಒರೆಸುತ್ತ ಹೇಳಿದರು: "ವನಮಾಲಾ ಅವ್ರೇ, ಇದು ನಿಜ ಆಗಿದ್ರೆ ಜಿಲ್ಲೆಗೆ ಲಸಿಕೆ ಇರ್ತಿರ್ಲಿಲ್ಲ. ಈ ಇಡೀ ವ್ಯವಸ್ಥೇಲಿ ಕೆಟ್ಟುಹೋಗೋ ಭಾಗ ಅಂದ್ರೆ ನಿಮ್ಮ ಮನಸ್ಸೊಂದೇ." ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅಂದು ಮನೆಗೆ ಬಂದು ಮಗಳನ್ನು ತಬ್ಬಿಕೊಂಡು ಅತ್ತಾಗ, ಇಂಪನಾಳೇ ಒಂದು ದಾರಿ ಹುಡುಕಿದಳು. "ನಿಜವಾಗ್ಲೂ ನಾನೇ ಆದ್ರೆ ಒಂದು ಮಾತು ಹೇಳ್ತೀನಿ. ಮಂಡಕ್ಕಿಗೆ ಸಕ್ಕರೆ ಹಾಕು ಅಂತ. ಅದನ್ನ ಫೋನಾಗೆ ಯಾವತ್ತೂ ಹೇಳಂಗಿಲ್ಲ, ನಿಜ ಆದಾಗ ಮಾತ್ರ." ದಾವಣಗೆರೆಯಲ್ಲಿ ಮಂಡಕ್ಕಿಗೆ ಸಕ್ಕರೆ ಹಾಕುವವರನ್ನು ಯಾರೂ ಕಂಡಿಲ್ಲ. ಕಾವಲಿಗೆ ಎಷ್ಟೇ ಬುದ್ಧಿಯಿದ್ದರೂ ಆ ಮಾತು ಹೊಳೆಯುವುದು ಸಾಧ್ಯವಿರಲಿಲ್ಲ. ವನಮಾಲಾಳಿಗೆ ಅಂದು ಸ್ವಲ್ಪ ನಿದ್ದೆ ಬಂತು.

ಇಂಪನಾಳ ಅಜ್ಜಿಗೆ ಈ ಗುಟ್ಟನ್ನು ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ. ವನಮಾಲಾಳ ಅತ್ತೆ ಕೊಟ್ರಮ್ಮ ಫೋನು ಮುಟ್ಟುವವರೇ ಅಲ್ಲ. ಹರಿಹರದ ಹತ್ತಿರ ಬಸ್ಸು ಮಗುಚಿ ಮಗ ಹೋದ ಸುದ್ದಿ ಬಂದದ್ದು ಫೋನಿನಲ್ಲೇ, ಅದನ್ನು ಎತ್ತಿಕೊಂಡವರೂ ಅವರೇ. ಅಂದಿನಿಂದ ಫೋನು ಹೊಡೆದುಕೊಂಡರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಗೋಡೆ ಫೋನು ಹಾಕಲು ಬಂದ ಕಂಪನಿಯ ಹುಡುಗರು ಮನೆಯವರ ಹೆಸರನ್ನೆಲ್ಲ ಬರೆದುಕೊಂಡು, ದನಿಯ ನಮೂನೆಗೆ ನಾಲ್ಕು ಮಾತಾಡಿ ಅಜ್ಜಿ ಎಂದು ಎಷ್ಟು ಗೋಗರೆದರೂ ಅವರು ಬಾಯಿ ತೆರೆಯಲಿಲ್ಲ. ಹುಡುಗರು ಹೋದ ಮೇಲೆ ಸೊಸೆಗೆ ಹೇಳಿದರು: "ಅದರಾಗಿಂದ ಒಳ್ಳೇದು ಬಂದಿದ್ದು ನಾ ಕಾಣೆನವ್ವ. ನಂದೊಂದು ದನಿ ಅದರೊಳಗೆ ಹೋಗದು ಬ್ಯಾಡ." ಕಂಪನಿಯವರು ಅವರ ಹೆಸರು ಹೊಡೆದುಹಾಕಿದರು.

ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಸತ್ತವನ ಹೆಸರನ್ನು ಇಬ್ಬರೂ ತೆಗೆಯುತ್ತಿರಲಿಲ್ಲ. ಮಾತು ಬಹುಪಾಲು ಇಂಪನಾಳ ಮೂಲಕವೇ ಓಡಾಡುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ವನಮಾಲಾ ಪಾಳಿಗೆ ಹೊರಡುವಾಗ ಕೊಟ್ರಮ್ಮ ಒಲೆಯ ಮುಂದೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಇಂಪನಾಳಿಗೆ ರಾತ್ರಿಯಿಂದ ಸಣ್ಣ ಜ್ವರ, ಹಿಂದಿನ ಕೋಣೆಯಲ್ಲಿ ಮಲಗಿದ್ದಳು.

"ಮಧ್ಯಾಹ್ನ ಗಂಜಿ ಕುಡಿಸಿ ಅತ್ತೆ. ಮಾತ್ರೆ ಅಲ್ಲೇ ಇಟ್ಟೀನಿ," ಎಂದಳು ವನಮಾಲಾ.

"ಹೂಂ."

"ಏನಾರ ಆದ್ರೆ ಪಕ್ಕದ ಮನೆಯವರಿಗೆ ಹೇಳಿ, ಅವ್ರು ಫೋನ್ ಮಾಡ್ತಾರೆ."

"ಏನಾಗತೈತೆ? ನಾನಿಲ್ಲೇನು? ಹೋಗಿ ಬಾ," ಎನ್ನುತ್ತ ಕೊಟ್ರಮ್ಮ ಹಿಂದಿರುಗಿ ನೋಡದೆಯೇ ಒಂದು ಡಬ್ಬಿಯನ್ನು ಹಿಂದಕ್ಕೆ ಚಾಚಿದರು. ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ. ಅವರು ಹೀಗೆ ಬುತ್ತಿ ಕಟ್ಟಿಕೊಟ್ಟದ್ದು ವನಮಾಲಾಳಿಗೆ ನೆನಪಿರುವಂತೆ ಅದೇ ಮೊದಲು. ಏನಾದರೂ ಹೇಳಬೇಕೆನಿಸಿತು. ಕಂಪನಿಯ ಗಾಡಿ ಹಾರನ್ ಹೊಡೆಯಿತು, ಅವಳು ಓಡಿದಳು.

ಗಣಿಯ ಕೇಜು ಕೆಳಗಿಳಿಯುವಾಗ ಅವಳು ಯಾವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೇಲೆ ಬೆಳಕು ಚಿಕ್ಕದಾಗುತ್ತ ಹೋಗುವುದನ್ನು ನೋಡಿದರೆ ತನ್ನನ್ನು ಯಾರೋ ಹುಗಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಕೆಳಗೆ ಸ್ವಂತ ಫೋನು ತರುವಂತಿಲ್ಲ. ಮನೆಯಿಂದ ಕರೆ ಬರಬಹುದು, ಇಲ್ಲಿಂದ ಮನೆಗೆ ಮಾಡುವಂತಿಲ್ಲ. ಮೇಲೆ ಗಣಿಯ ಬಾಯಿಯ ಕಚೇರಿಯಲ್ಲಿ ಕೂತ ಜಯತೀರ್ಥರಿಗೆ ಮಾತ್ರ ಒಂದು ನೇರ ತಂತಿ ಫೋನು.

ಮಧ್ಯಾಹ್ನ ಊಟದ ಹೊತ್ತಿಗೆ ಕೆಂಪು ದೀಪ ಹತ್ತಿತು.

ಶೈತ್ಯಾಗಾರದ ಕಂಟ್ರೋಲ್ ರೂಮು ಮೌನವಾಗಿತ್ತು. ಅಲ್ಲಿನವರು ಕರೆಗೆ ಓಗೊಡುತ್ತಿರಲಿಲ್ಲ. ಲಗಾಮು ತಾನಾಗಿ ಕೆಳಗೆ ಬಂದು ವನಮಾಲಾಳ ಮುಂದಿನ ಪರದೆಗಳು ಒಂದೊಂದಾಗಿ ತೆರೆದುಕೊಂಡವು. ತಾಪಮಾನ ಸರಿಯಿತ್ತು. ಕಂಪ್ರೆಸರುಗಳು ಓಡುತ್ತಿದ್ದವು. ಮೂಲೆಯಲ್ಲೊಂದು ಅಂಕಿ ಮಾತ್ರ ಏರುತ್ತಿತ್ತು: ಹಿಂಗೋಡೆಯ ಬಳಿಯ ಗಾಳಿಯಲ್ಲಿ ಅಮೋನಿಯಾ.

ಹೋದ ವರ್ಷದ ತಾಲೀಮಿನಲ್ಲೂ ಇದೇ ಅಂಕಿ ಹೀಗೇ ಏರಿತ್ತು.

"ಯೋಜನೆ ಏನ್ ಹೇಳುತ್ತೆ?" ಎಂದು ಕೇಳಿದಳು. ಅವಳಿಗೆ ಬಾಯಿಪಾಠವಾಗಿತ್ತು, ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು.

"ಒಂದು ಅಂಕಿ ನಂಬಿ ನಿಲ್ಲಿಸಂಗಿಲ್ಲ. ಸ್ಥಳದಲ್ಲಿರೋರು ಖಚಿತ ಮಾಡ್ಬೇಕು. ಅಲ್ಲೀವರ್ಗೂ ಓಡಿಸ್ತಾನೇ ಇರ್ಬೇಕು," ಎಂದ ಅನ್ವರ್. "ನಿಲ್ಸಿದ್ರೆ ಔಷಧಿ ಎಲ್ಲ ಹಾಳು. ಊರಿಗೆಲ್ಲ ಸೈರನ್ ಬೇರೆ ಹೊಡ್ಕೊಳ್ಳುತ್ತೆ."

ವನಮಾಲಾ ಮೇಲಿನ ತಂತಿ ಫೋನು ಎತ್ತಿದಳು. "ಸಾರ್, ಹಿಂದಿನ ಗೋಡೆ ಕಡೆ ಅಮೋನಿಯಾ ತೋರಿಸ್ತಿದೆ. ಅಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ."

ಜಯತೀರ್ಥರ ದನಿ ಇಸ್ತ್ರಿ ಮಾಡಿದಷ್ಟು ಸಾಫಾಗಿತ್ತು. "ಯೋಜನೆ ಪ್ರಕಾರ ಮಾಡಿ."

ಅವಳು ಫೋನು ಇಟ್ಟಳು. ಇದು ತಾಲೀಮು, ತಾಲೀಮೇ, ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿದ್ದರೆ ಇಂಪನಾ ಕರೆ ಮಾಡುತ್ತಿದ್ದಳು, ಆ ಮಾತು ಹೇಳುತ್ತಿದ್ದಳು. ಮನೆಯ ಫೋನು ಸುಮ್ಮನಿದೆಯಲ್ಲ, ಮತ್ತೇನು?

ಆಗಲೇ ಮನೆಯ ಫೋನು ಹೊಡೆದುಕೊಂಡಿತು.

ಅನ್ವರ್ ಅವಳ ಮುಖ ನೋಡಿದ. ಅವಳು ಎತ್ತಿಕೊಂಡಳು. ಮೊದಲು ಉಸಿರು ಮಾತ್ರ ಕೇಳಿಸಿತು, ಗೊರಗೊರ ಎಳೆಯುವ ಉಸಿರು.

"ಮಾಲಾ... ನಾನವ್ವ. ನಾನೇ."

ಕೊಟ್ರಮ್ಮನವರ ದನಿ.

"ಕೂಸು ಏಳವಲ್ದು ನೋಡು. ಎಷ್ಟು ಎಬ್ಬಿಸಿದ್ರೂ ಕಣ್ಣು ಬಿಡವಲ್ದು. ಮನ್ಯಾಗೆಲ್ಲ ಏನೋ ಘಾಟು ಹೊಡಿತೈತಿ, ನನಗೂ ಉಸ್ರು ಆಡವಲ್ದು. ಪಕ್ಕದ ಮನ್ಯಾಗೆ ಯಾರೂ ಇಲ್ಲ. ಏನ್ ಮಾಡ್ಲಿ ಹೇಳವ್ವ, ನನಗೇನ್ ತಿಳೀತೈತೆ..."

ವನಮಾಲಾಳ ಕೈ ಮೊದಲು ನಿಲ್ಲಿಸುವ ಗುಂಡಿಯತ್ತ ಹೋಯಿತು. ಮರುಕ್ಷಣವೇ, ಅದೇನಾಯಿತೋ, ಆ ಕೈ ಅರ್ಧದಲ್ಲೇ ನಿಂತಿತು. ಅತ್ತೆ! ಫೋನು ಕಂಡರೆ ಅಡುಗೆಮನೆಗೆ ಓಡುವ ಅತ್ತೆ! ನಾಲ್ಕು ವರ್ಷದಿಂದ ಅದರ ತಂಟೆಗೇ ಹೋಗದವರು! ಮಗಳ ದನಿಯಾಗಿದ್ದರೆ ಅವಳು ಸೀಳಿಹೋಗುತ್ತಿದ್ದಳು. ಆದರೆ ಈ ಸಲ ಯಂತ್ರ ತಪ್ಪು ಮನುಷ್ಯರನ್ನು ಆರಿಸಿಕೊಂಡಿತ್ತು. ಈ ಮನೆಯ ಒಳಗಿನ ಸಂಗತಿ ಅದಕ್ಕೆ ತಿಳಿದಿರಲಿಲ್ಲ. ಅವಳಿಗೆ ಅಳುವಷ್ಟು ಸಮಾಧಾನವಾಯಿತು. ಆ ಸಮಾಧಾನ ಎಷ್ಟು ದೊಡ್ಡದಿತ್ತೆಂದರೆ, ಬೇರೆ ಯಾವ ಯೋಚನೆಗೂ ಅವಳ ತಲೆಯಲ್ಲಿ ಜಾಗ ಉಳಿಯಲಿಲ್ಲ.

"ಮಾಲಾ? ಕೇಳಸ್ತೈತೇನವ್ವ? ನಾನೇ ಕಣವ್ವ..."

ವನಮಾಲಾ ಫೋನು ಇಟ್ಟುಬಿಟ್ಟಳು.

"ಗಟ್ಟಿಗಿತ್ತಿ ಬಿಡಿ ಮಾಲಕ್ಕ," ಎಂದ ಅನ್ವರ್ ಮೆಲ್ಲಗೆ. "ಯಾರ ದನಿ?"

"ಹೇಳ್ತೀನಿ ತಡಿ." ಅವಳ ಮುಖದಲ್ಲಿ ನಗು ಬರುತ್ತಿತ್ತು. ಫ್ಲಾಸ್ಕಿನಿಂದ ಇಬ್ಬರಿಗೂ ಚಹಾ ಬಗ್ಗಿಸಿದಳು. ಅತ್ತೆ ಕೊಟ್ಟ ಡಬ್ಬಿಯನ್ನೂ ತೆರೆದಳು. ಪರದೆಯ ಮೂಲೆಯಲ್ಲಿ ಅಂಕಿ ಏರುತ್ತಲೇ ಇತ್ತು, ಅವಳು ಯೋಜನೆಯಲ್ಲಿದ್ದಂತೆ ಕಂಪ್ರೆಸರುಗಳನ್ನು ಓಡಿಸುತ್ತಲೇ ಇದ್ದಳು. ಫೋನು ಮತ್ತೊಮ್ಮೆ ಹೊಡೆದುಕೊಂಡಿತು. ಈ ಸಲ ಅವಳು ಎತ್ತಲೇ ಇಲ್ಲ. ಹೊಡೆದುಕೊಂಡು ಹೊಡೆದುಕೊಂಡು ತಾನಾಗಿ ನಿಂತಿತು.

ಚಹಾ ಮುಗಿಯುತ್ತ ಬಂದಾಗ ಅವಳು ನಗುನಗುತ್ತ ಹೇಳಿದಳು: "ಈ ಕಾವಲಿಗೆ ಬುದ್ಧಿ ಐತೆ ಅಂತೀವಿ. ನಮ್ಮತ್ತೆ ದನಿಲಿ ಫೋನ್ ಮಾಡಿದೆ ನೋಡು! ಅವ್ರು ಫೋನ್ ಮುಟ್ಟೋದೇ ಇಲ್ಲ ಕಣೋ. ಕಂಪನಿಯೋರು ದನಿ ತಗೊಳ್ಳಕ್ಕೆ ಬಂದಾಗ್ಲೂ ತುಟಿ ಪಿಟಕ್ ಅನ್ನಲಿಲ್ಲ."

ಅನ್ವರ್ ಕೂಡ ನಕ್ಕ. ಮಂಡಕ್ಕಿಯ ಹಿಡಿಯನ್ನು ಬಾಯಿಗೆ ಒಯ್ದವನು ಅಲ್ಲೇ ನಿಂತ. ಅವನ ನಗು ಮುಖದಿಂದ ಜಾರಿಹೋಯಿತು.

"ಮಾಲಕ್ಕ, ಅವ್ರು ಆ ಫೋನಲ್ಲಿ ಯಾವತ್ತೂ ಮಾತೇ ಆಡಿಲ್ಲ ಅಂದ್ರೆ," ಎಂದ ನಿಧಾನವಾಗಿ, "ಅವ್ರ ದನಿ ಯಂತ್ರಕ್ಕೆ ಎಲ್ಲಿಂದ ಸಿಕ್ತು?"

ವನಮಾಲಾ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಮೇಜನ್ನು ನೋಡಿದಳು. ಅತ್ತೆ ಫೋನು ಮುಟ್ಟುವವರಲ್ಲ. ಹೌದು. ಮುಟ್ಟುವವರು ಬೇರೆ ಯಾರೂ ಮನೆಯಲ್ಲಿ ಎದ್ದಿರಲಿಲ್ಲ. ಅದಕ್ಕೇ ಮುಟ್ಟಿದ್ದರು.

ಲೋಟ ಬಿದ್ದದ್ದು ಅವಳಿಗೆ ಕೇಳಿಸಲಿಲ್ಲ. ಅವಳು ನಿಲ್ಲಿಸುವ ಗುಂಡಿಯನ್ನು ಎರಡೂ ಕೈಯಿಂದ ಅದುಮಿದಳು, ಮತ್ತೆ ಅದುಮಿದಳು. ಪರದೆಯ ಮೇಲೆ ಕೊಳವೆಗಳ ಕವಾಟಗಳು ಮುಚ್ಚತೊಡಗಿದವು. ಶೈತ್ಯಾಗಾರದ ಸೈರನ್ ಆನ್ ಆಗಿದೆ ಎಂಬ ಸಾಲು ಮೂಡಿತು. ಹಸಿರು ದೀಪ ಹತ್ತಲಿ ದೇವರೇ, ಹತ್ತಲಿ, ಕೆಲಸ ಹೋದರೆ ಹೋಗಲಿ, ಎಲ್ಲರೆದುರು ಬೈಸಿಕೊಳ್ಳುತ್ತೇನೆ, ಇದೊಂದು ಸಲ ಹತ್ತಲಿ ಎಂದು ಅವಳು ಗೋಡೆಯನ್ನೇ ನೋಡಿದಳು. ದೀಪ ಹತ್ತಲಿಲ್ಲ. ಅವಳು ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಮೇಲಿನ ತಂತಿ ಫೋನು ಎತ್ತಿ ಕಿರುಚಿದಳು: "ಸಾರ್, ಇದು ನಿಜಾನಾ? ಹೇಳಿ ಸಾರ್, ನನ್ನ ಮಗು ಅಲ್ಲಿದೆ!"

"ಯೋಜನೆ ಪ್ರಕಾರ..." ಎಂದು ಶುರುಮಾಡಿದ ಜಯತೀರ್ಥರ ದನಿ ಅರ್ಧಕ್ಕೆ ಮುರಿಯಿತು. ಅವರು ಆಡಿದ ಮುಂದಿನ ಮಾತು ಆ ದಿನದಲ್ಲೆಲ್ಲ ಅತಿ ಭಯಂಕರವಾದದ್ದು. "ನಂಗೂ ಗೊತ್ತಿಲ್ಲ ವನಮಾಲಾ ಅವ್ರೇ. ನಾನೂ ಮೇಲಿನವ್ರನ್ನ ಕೇಳ್ದೆ. ಅವ್ರೂ ಇದನ್ನೇ ಹೇಳಿದ್ರು."

"ನೀವು ಹೋಗಿ ಅಕ್ಕ," ಎಂದ ಅನ್ವರ್ ಅವಳ ಕುರ್ಚಿಗೆ ಬಂದು ಕೂರುತ್ತ. "ನಾನಿದೀನಿ. ಫೈರ್‌ನವ್ರಿಗೆ ಮನೆ ಎಲ್ಲಿದೆ ಅಂತ ಮೇಲಿನಿಂದ ಹೇಳಿಸ್ತೀನಿ. ಹೋಗಿ!"

ಕೇಜು ಮೇಲೇರುವಾಗ ಅವಳು ಕಣ್ಣು ಮುಚ್ಚಲಿಲ್ಲ. ಬೆಳಕಿನ ಚುಕ್ಕೆ ಇದ್ದಲ್ಲೇ ಇದ್ದಂತೆ ಕಾಣುತ್ತಿತ್ತು. ಮೇಲೆ ಜಯತೀರ್ಥರು ತಮ್ಮ ಕಾರಿನ ಬಾಗಿಲು ತೆರೆದು ನಿಂತಿದ್ದರು. ಕಾರು ದಾವಣಗೆರೆಯ ಕಡೆಗೆ ಓಡಿತು. ಊರ ಹೊರಗಿನ ಸೇತುವೆಯ ಬಳಿ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಿಬರುತ್ತಿರುವುದು ಕಂಡಾಗ, ಇನ್ನು ಕೇಳುವುದಕ್ಕೆ ಏನೂ ಉಳಿಯಲಿಲ್ಲ.

ಸೈರನ್ ಕೇಳಿ ಬಂದ ಅಗ್ನಿಶಾಮಕದವರಿಗೆ ಹಿಂದಿನ ಕೋಣೆಯಲ್ಲಿ ಇಬ್ಬರೂ ಸಿಕ್ಕಿದ್ದರು. ಕೊಟ್ರಮ್ಮ ತಮ್ಮ ಸೀರೆಯನ್ನು ಬಿಚ್ಚಿ, ಹಂಡೆಯ ನೀರಿನಲ್ಲಿ ಅದ್ದಿ, ಇಂಪನಾಳನ್ನು ತಲೆಯಿಂದ ಕಾಲಿನ ತನಕ ಸುತ್ತಿದ್ದರು. ಅಮೋನಿಯಾವನ್ನು ನೀರು ಹೀರಿಕೊಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಘಾಟಿಗೆ ಒದ್ದೆ ಬಟ್ಟೆ ಎಂಬುದು ಒಲೆಯ ಮುಂದೆ ಬದುಕು ಕಳೆದ ಯಾವ ಹೆಂಗಸಿಗಾದರೂ ಗೊತ್ತು. ತಮ್ಮ ಮೂಗಿಗೆ ಮಾತ್ರ ಏನೂ ಇಟ್ಟುಕೊಂಡಿರಲಿಲ್ಲ. ಮಗು ಉಳಿಯಿತು. ಇನ್ನೊಂದಿಷ್ಟು ಮೊದಲು ಸಿಕ್ಕಿದ್ದರೆ ಅಜ್ಜಿಯೂ ಉಳಿಯುತ್ತಿದ್ದರು ಎಂದು ಡಾಕ್ಟರು ಸಹಜವಾಗಿ ಹೇಳಿದರು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು, ಎಂದುಕೊಂಡಳು ವನಮಾಲಾ. ಅದನ್ನು ಯಾರಿಗೂ ಹೇಳಲಿಲ್ಲ.

ವಿಚಾರಣೆ ನಡೆಯಿತು. ಗುಂಡಿ ಒತ್ತುವ ತನಕ ಯಾರೂ ಯೋಜನೆಯನ್ನು ಮೀರಿರಲಿಲ್ಲ, ಆದ್ದರಿಂದ ಯಾರದೂ ತಪ್ಪಿರಲಿಲ್ಲ. ಕೊಳವೆ ಬದಲಾಯಿಸಿದರು, ಶೈತ್ಯಾಗಾರ ಮತ್ತೆ ತಣ್ಣಗಾಯಿತು. ವನಮಾಲಾ ಕೆಲಸ ಬಿಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳೂ ತಿಳಿದಿದ್ದಳು. ಆದರೆ ಆ ಗೋಡೆಯ ಈಚೆಗೆ ಇಂಪನಾ ಮಲಗುತ್ತಿದ್ದಳು. ಕೆಳಗೆ ಆ ಕುರ್ಚಿಯಲ್ಲಿ ಬೇರೆ ಯಾರೋ ಗಟ್ಟಿಗರು ಕೂತು, ಫೋನು ಎತ್ತಿ, ಇಟ್ಟುಬಿಟ್ಟರೆ? ಈ ಭಯ ಅವಳನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಮನೆ ಬದಲಾಯಿಸೋಣವೆಂದರೆ ಇಂಪನಾ ಒಪ್ಪಲಿಲ್ಲ. ಅಜ್ಜಿಯ ಒಲೆ ಇರುವ ಮನೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಳು. ಅಜ್ಜಿಯ ಹಾಗೆಯೇ ಅವಳೂ ಈಗ ಗೋಡೆ ಫೋನಿನ ಹತ್ತಿರ ಸುಳಿಯುತ್ತಿರಲಿಲ್ಲ.

ಮತ್ತೆ ಪಾಳಿಗೆ ಹೋಗುವ ಮೊದಲು ವನಮಾಲಾ ಒಂದೇ ಒಂದು ಷರತ್ತು ಹಾಕಿದಳು. ಮನೆಯವರ ದನಿ ಇನ್ನು ಮುಂದೆ ತಾಲೀಮಿನಲ್ಲಿ ಬರಬಾರದು. ಜಯತೀರ್ಥರು ತಲೆ ತಗ್ಗಿಸಿ ಒಪ್ಪಿಕೊಂಡರು, ಮಾತಿನಂತೆ ನಡೆದುಕೊಂಡರು ಕೂಡ. "ಹೆಸರು ಬರೆಸಿದ್ದ ಮನೆಯವರೆಲ್ಲರ ದನಿ ನಾನೇ ಎದುರು ಕೂತು ಅಳಿಸಿಸಿದೀನಿ. ನಿಮ್ಮ ಮಗಳದ್ದು ಮೊದಲು," ಎಂದು ಹೇಳಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಹೆಸರು ಬರೆಸಿದವರೆಲ್ಲರ ದನಿಯನ್ನೂ ನಿಜವಾಗಿಯೂ ಅಳಿಸಿದ್ದರು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಕೆಂಪು ದೀಪ ಹತ್ತಿತು. ಕಂಟ್ರೋಲ್ ರೂಮು ಮೌನ. ಹಿಂಗೋಡೆಯ ಅಂಕಿ ಏರತೊಡಗಿತು. ವನಮಾಲಾ ಅನ್ವರನ ಮುಖ ನೋಡಿದಳು. ಅನ್ವರ್ ನಿಲ್ಲಿಸುವ ಗುಂಡಿಯ ಮೇಲಿನ ಮುಚ್ಚಳವನ್ನು ತಾನಾಗಿಯೇ ತೆಗೆದಿಟ್ಟ.

ಮನೆಯ ಫೋನು ಹೊಡೆದುಕೊಂಡಿತು.

ಇಂಪನಾ, ಎಂದುಕೊಂಡಳು ಅವಳು. ಈ ಸಲ ದನಿ ಬಂದರೆ ಅದು ನಿಜವಾದ ಇಂಪನಾಳೇ. ಫೋನು ಎತ್ತಿಕೊಂಡಳು. ಮೊದಲು ಉಸಿರು ಮಾತ್ರ ಕೇಳಿಸಿತು, ಗೊರಗೊರ ಎಳೆಯುವ ಉಸಿರು.

"ಮಾಲಾ... ನಾನವ್ವ. ನಾನೇ."

ಕೊಟ್ರಮ್ಮ ಬದುಕಿನಲ್ಲಿ ಒಂದೇ ಒಂದು ಸಲ ಆ ಫೋನಿನಲ್ಲಿ ಮಾತಾಡಿದ್ದರು. ಕಾವಲಿಗೆ ಅಷ್ಟು ಸಾಕಾಗಿತ್ತು. ಅವರ ಹೆಸರು ಎಲ್ಲೂ ಬರೆದಿರಲಿಲ್ಲವಾದ್ದರಿಂದ ಅಳಿಸುವವರಿಗೆ ಅವರ ದನಿ ಸಿಕ್ಕಿರಲೂ ಇಲ್ಲ.

ಹಾಗಾದರೆ ಇದು ತಾಲೀಮು. ಸಂಶಯವೇ ಇಲ್ಲ. ಈ ಕೋಣೆಯಲ್ಲಿ ಕೂತವರಿಗೆ ಯಾರಿಗೂ ಯಾವತ್ತೂ ಸಿಗದ ಖಾತರಿ ಅವಳಿಗೆ ಸಿಕ್ಕಿತ್ತು. ಗುಂಡಿ ಒತ್ತಿದರೂ ಅದು ಎಲ್ಲಿಗೂ ಮುಟ್ಟುವುದಿಲ್ಲ. ಅವಳು ಮಾಡಬೇಕಾದದ್ದು ಇಷ್ಟೇ, ಫೋನು ಇಟ್ಟುಬಿಡುವುದು. ಅನ್ವರ್ ಆ ಕಡೆಯಿಂದ ಸನ್ನೆ ಮಾಡುತ್ತಿದ್ದ, ಇಡಿ ಅಕ್ಕ, ಇಟ್ಟುಬಿಡಿ.

"ಮಾಲಾ? ಕೇಳಸ್ತೈತೇನವ್ವ?"

"ಕೇಳ್ತೈತೆ ಅತ್ತೆ," ಎಂದಳು ವನಮಾಲಾ.

"ಕೂಸು ಏಳವಲ್ದು ನೋಡು. ಮನ್ಯಾಗೆಲ್ಲ ಘಾಟು. ನನಗೇನ್ ತಿಳೀತೈತೆ..."

"ಹೆದರಬ್ಯಾಡ್ರಿ. ನಾ ಹೇಳ್ದಂಗೆ ಮಾಡ್ರಿ. ನಿಮ್ಮ ಸೀರೆ ಒದ್ದೆ ಮಾಡಿ ಕೂಸಿಗೆ ಸುತ್ರಿ. ಇನ್ನೊಂದು ಬಟ್ಟೆ ಒದ್ದೆ ಮಾಡಿ ನಿಮ್ಮ ಮೂಗಿಗೆ ಇಟ್ಕೊಳ್ರಿ. ನಿಮ್ಮ ಮೂಗಿಗೂ ಅತ್ತೆ, ಮರೀಬ್ಯಾಡ್ರಿ. ಬೀದಿ ಕಡೆ ಬಾಗ್ಲು ತೆಗೀರಿ, ಅತ್ತ ಗಾಳಿ ಐತಿ." ಅವಳ ಇನ್ನೊಂದು ಕೈ ಗುಂಡಿಯನ್ನು ಅದುಮಿ ಹಿಡಿದಿತ್ತು. "ಸೈರನ್ ಹೊಡ್ದೀನಿ. ಜನ ಬರ್ತಾರೆ. ನಾನೂ ಬರ್ತೀನಿ. ನೀವು ಫೋನ್ ಇಡಬ್ಯಾಡ್ರಿ."

ಆ ಕಡೆ ಸ್ವಲ್ಪ ಹೊತ್ತು ಉಸಿರು. ತನ್ನ ಮಾತಿಗೆ ಯಾರೂ ಹೀಗೆ ಉತ್ತರ ಕೊಟ್ಟದ್ದನ್ನು ಯಂತ್ರ ಕಂಡಿರಲಿಲ್ಲವೇನೋ. ಆಮೇಲೆ ಕೊಟ್ರಮ್ಮನವರ ದನಿ, ಅವರು ಬದುಕಿದ್ದಾಗ ಆಡದೇ ಹೋದ ಮೆತ್ತನೆಯ ದನಿಯಲ್ಲಿ, ಕೇಳಿತು:

"ಬರ್ತೀಯೇನವ್ವ? ಹಂಗಾದ್ರೆ ನಾನು..."

ಮಾತು ಅರ್ಧಕ್ಕೇ ಕಡಿಯಿತು. ಗೋಡೆಯ ಮೇಲೆ ಹಸಿರು ದೀಪ ಹತ್ತಿತು. ಇದು ತಾಲೀಮಾಗಿತ್ತು, ಎಂದಿತು ಕಾವಲು. ಯೋಜನೆ ಮೀರಿ ಘಟಕ ನಿಲ್ಲಿಸಲಾಗಿದೆ ಎಂಬ ಸಾಲು ಪರದೆಯ ಮೇಲೆ ಬಂತು.

ಅನ್ವರ್ ಎದ್ದು ಬಂದು ಅವಳ ಕೈಯಿಂದ ಫೋನು ಬಿಡಿಸಿಕೊಳ್ಳಲು ನೋಡಿದ. "ಮುಗೀತು ಮಾಲಕ್ಕ. ತಾಲೀಮು ಮುಗೀತು. ಕೊಡಿ ಇಲ್ಲಿ."

ಅವಳು ಕೊಡಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ತಡಿಯೋ ಅನ್ವರ್," ಎಂದಳು. "ಅತ್ತೆ ಇನ್ನೂ ಏನೋ ಹೇಳ್ತಿದ್ರು."